ಒಬ್ಬಳು ಪಾಸಾದರೆ ಇನ್ನೊಬ್ಬಳು ಫೇಲಾಗುವುದಿಲ್ಲ



ನೋಟ್ಸ್ ಪುಸ್ತಕವನ್ನು ಗೆಳತಿಯ ಕಣ್ಣಿಗೆ ಬೀಳದಂತೆ ಬ್ಯಾಗಿನ ತಳದಲ್ಲಿ ಬಚ್ಚಿಡುವ ಬುದ್ಧಿ ನಮ್ಮ ಹೆಣ್ಣುಮಕ್ಕಳಿಗೆ ಎಲ್ಲಿಂದ ಬಂತು? ಸುಮ್ಮನೆ ಕೇಳುವ ಪ್ರಶ್ನೆ ಇದಲ್ಲ. ಮಧೂರು, ಕೂಡ್ಲು, ಶಿರಿಬಾಗಿಲು, ಉಳಿಯತ್ತಡ್ಕ ಕಡೆಯ ಮನೆಗಳಿಗೆ ಹೋಗಿಬರುವ ನಮಗೆ, ವಿದೇಶದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆಗೆ ಓದುತ್ತಿರುವ ಮಕ್ಕಳು ಅಲ್ಲಲ್ಲಿ ಸಿಗುತ್ತಾರೆ. ಒಬ್ಬಳು ಸೌದಿಗೆಂದು, ಒಬ್ಬಳು ದುಬೈಗೆಂದು, ಇನ್ನೊಬ್ಬಳು ಇಂಗ್ಲೆಂಡಿಗೋ ಅಮೇರಿಕಕ್ಕೋ ಎಂದು ಓದುತ್ತಿರುತ್ತಾರೆ. ಗಂಡುಮಕ್ಕಳೂ ಇದ್ದಾರೆ. ಒಂದೇ ದಾರಿಯ ಎರಡು ಮನೆಗಳಲ್ಲಿ ಇಬ್ಬರು ಒಂದೇ ಪರೀಕ್ಷೆಗೆ ರಾತ್ರಿಯೆಲ್ಲ ಲೈಟು ಉರಿಸುತ್ತಾರೆ. ಒಬ್ಬಳಿಗೆ ಇನ್ನೊಬ್ಬಳ ಸುದ್ದಿ ಇಲ್ಲ. ಸುದ್ದಿ ಇದ್ದರೂ ಮಾತಿಲ್ಲ. ಅವಳಿಗೆ ಹೇಳಿಕೊಟ್ಟರೆ ತನ್ನ ಅವಕಾಶ ಹೋಯಿತು ಎಂಬ ಭಯ.

ಈ ಭಯ ಸುಳ್ಳು. ಸುಳ್ಳು ಮಾತ್ರವಲ್ಲ, ದುಬಾರಿ. ಈ ಸುಳ್ಳನ್ನೇ ಬಂಡವಾಳ ಮಾಡಿಕೊಂಡು ಅಂಗಡಿ ತೆರೆದವರಿದ್ದಾರೆ. ಆ ಅಂಗಡಿಗೆ ಹಣ ಸುರಿಯುವವರು ಬೀಡಿ ಕಟ್ಟಿ, ಕೂಲಿ ಮಾಡಿ ಮಗಳನ್ನು ಓದಿಸಿದ ತಾಯಂದಿರು. ಆದ್ದರಿಂದ ಈ ಮಾತನ್ನು ಮೆಲ್ಲಗೆ ಹೇಳುವ ಮನಸ್ಸು ನಮಗಿಲ್ಲ.

ಈ ಪರೀಕ್ಷೆಯಲ್ಲಿ ರ‍್ಯಾಂಕ್ ಇಲ್ಲ

ಮೊದಲು ಪರೀಕ್ಷೆ ಎಂಥದ್ದೆಂದು ತಿಳಿಯೋಣ. ನಮ್ಮ ದೇಶದಲ್ಲಿ ನರ್ಸಿಂಗ್ ಡಿಪ್ಲೊಮಾ ಅಥವಾ ಪದವಿ ಪಾಸಾದವರ ಹೆಸರನ್ನು ರಾಜ್ಯದ ನರ್ಸಿಂಗ್ ಕೌನ್ಸಿಲ್ ದಾಖಲು ಮಾಡಿಕೊಳ್ಳುತ್ತದೆ. ಮಂಗಳೂರಿನಲ್ಲಿ ಓದಿದ ನಮ್ಮ ಮಕ್ಕಳ ಹೆಸರು ಕರ್ನಾಟಕದ ಕೌನ್ಸಿಲ್‌ನಲ್ಲಿರುತ್ತದೆ. ಊರಿಗೆ ಬಂದು ಕೆಲಸ ಮಾಡಬೇಕಾದರೆ ಕೇರಳದ ಕೌನ್ಸಿಲ್‌ನಲ್ಲಿ ಪುನಃ ದಾಖಲು ಮಾಡಿಸಬೇಕು. ಅದು ಕಾಗದಪತ್ರದ ಅಲೆದಾಟ, ಪರೀಕ್ಷೆಯಲ್ಲ. ವಿದೇಶಕ್ಕೆ ಹೊರಟಾಗ ಮಾತ್ರ ಅವರಿಗೆ ಜೀವನದಲ್ಲಿ ಮೊದಲ ಬಾರಿ ಲೈಸೆನ್ಸ್ ಪರೀಕ್ಷೆ ಎದುರಾಗುತ್ತದೆ.

ಗಲ್ಫಿನ ಪರೀಕ್ಷೆಯನ್ನು ನಮ್ಮವರು 'ಪ್ರೊಮೆಟ್ರಿಕ್' ಎನ್ನುತ್ತಾರೆ. ಅದು ಪರೀಕ್ಷೆ ನಡೆಸಿಕೊಡುವ ಕಂಪೆನಿಯ ಹೆಸರು. ಲೈಸೆನ್ಸ್ ಕೊಡುವುದು ಆಯಾ ದೇಶದ ಆರೋಗ್ಯ ಇಲಾಖೆ ಅಥವಾ ಮಂಡಳಿ. ಅಮೇರಿಕದ್ದು ಎನ್‌ಕ್ಲೆಕ್ಸ್. 2023ರ ಎಪ್ರಿಲಿನಿಂದ ಅದರ ರೂಪ ಬದಲಾಗಿದೆ: ಕಡಿಮೆಯೆಂದರೆ 85 ಪ್ರಶ್ನೆ, ಹೆಚ್ಚೆಂದರೆ 150, ಸಮಯ 5 ಗಂಟೆ. ಉತ್ತರ ಸರಿಯಾದರೆ ಕಂಪ್ಯೂಟರ್ ಇನ್ನಷ್ಟು ಕಠಿಣ ಪ್ರಶ್ನೆ ಕೊಡುತ್ತದೆ, ತಪ್ಪಿದರೆ ಸುಲಭದ್ದನ್ನು ಕೊಡುತ್ತದೆ. ಒಮ್ಮೆ ಉತ್ತರಿಸಿದ ಮೇಲೆ ಹಿಂದಕ್ಕೆ ಹೋಗುವಂತಿಲ್ಲ. ಇಂಗ್ಲೆಂಡಿನದ್ದಕ್ಕೆ ಎರಡು ಮೆಟ್ಟಿಲು. ಇಲ್ಲಿಯೇ ಕಂಪ್ಯೂಟರಿನಲ್ಲಿ ಬರೆಯುವ ಪರೀಕ್ಷೆಯಲ್ಲಿ ಔಷಧದ ಲೆಕ್ಕ 15, ನರ್ಸಿಂಗ್ ಪ್ರಶ್ನೆ 100. ಆ ಮೇಲೆ ಅಲ್ಲಿಗೆ ಹೋಗಿ 10 ಕಡೆ ಕೈಕೆಲಸ ಮತ್ತು ಬರವಣಿಗೆ ತೋರಿಸುವ ಪರೀಕ್ಷೆ.

ಇವುಗಳಲ್ಲಿ ಯಾವುದರಲ್ಲೂ ರ‍್ಯಾಂಕ್ ಪಟ್ಟಿ ಇಲ್ಲ. ಇಂತಿಷ್ಟೇ ಮಂದಿ ಪಾಸಾಗಬೇಕೆಂಬ ಲೆಕ್ಕ ಇಲ್ಲ. ಒಂದು ಗೆರೆ ಎಳೆದಿರುತ್ತಾರೆ. ಆ ಗೆರೆ ದಾಟಿದವರೆಲ್ಲ ಪಾಸು. ಎನ್‌ಕ್ಲೆಕ್ಸ್‌ನಲ್ಲಂತೂ ಪಾಸಾದವಳಿಗೆ ಅಂಕವನ್ನೇ ಹೇಳುವುದಿಲ್ಲ. ಮಧೂರಿನಿಂದ ಹತ್ತು ಮಂದಿ ಕುಳಿತು ಹತ್ತು ಮಂದಿಯೂ ಗೆರೆ ದಾಟಿದರೆ ಹತ್ತು ಮಂದಿಗೂ ಲೈಸೆನ್ಸ್.

ಪಿ.ಎಸ್.ಸಿ. ಪರೀಕ್ಷೆ ಬೇರೆ. ಅಲ್ಲಿ ಪಕ್ಕದವಳು ಮೇಲೆ ಹೋದರೆ ನಾನು ಕೆಳಗೆ. ಶಾಲೆಯಲ್ಲಿ, ಪ್ರವೇಶದ ಹೊತ್ತಿನಲ್ಲಿ, ಸರಕಾರಿ ಕೆಲಸದ ಪಟ್ಟಿಯಲ್ಲಿ ನಾವು ಮಕ್ಕಳಿಗೆ ಕಲಿಸಿದ್ದು ಇದನ್ನೇ. ಅಲ್ಲಿ ಕಲಿತ ಹೊಟ್ಟೆಕಿಚ್ಚನ್ನು ಅವರು ಬೇಡದ ಜಾಗಕ್ಕೂ ಹೊತ್ತುಕೊಂಡು ಬಂದಿದ್ದಾರೆ. ಹೊಳೆ ದಾಟುವವರೆಲ್ಲರಿಗೂ ದೋಣಿಯಲ್ಲಿ ಜಾಗವಿರುವಾಗ ಒಬ್ಬರನ್ನೊಬ್ಬರು ನೂಕುವುದು ಯಾಕೆ?

ಭಯದ ವ್ಯಾಪಾರ

ನಮಗೆ ಗೊತ್ತಿರುವ ಒಂದು ಮನೆ. ತಾಯಿ ಬೀಡಿ ಕಟ್ಟುತ್ತಾರೆ. ಮಗಳು ನರ್ಸಿಂಗ್ ಮುಗಿಸಿ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದಳು. ಒಂದು ಕೋಚಿಂಗ್ ಕೇಂದ್ರದವರು 'ಪಾಸು ಖಂಡಿತ' ಎಂದರು. ಬ್ಯಾಂಕಿನಲ್ಲಿ ಬಳೆ, ಸರ ಅಡವಿಟ್ಟು ಹಣ ಕಟ್ಟಿದರು. ಅಲ್ಲಿ ಪಾಠ ಕಡಿಮೆ. ಕಂತೆ ಕಂತೆ ಕಾಗದ ಹೆಚ್ಚು. 'ಕಳೆದ ತಿಂಗಳು ಬಂದ ಪ್ರಶ್ನೆಗಳು, ಇವನ್ನು ಬಾಯಿಪಾಠ ಮಾಡಿ, ಹೊರಗೆ ಯಾರಿಗೂ ತೋರಿಸಬೇಡಿ' ಎಂದು ಹೇಳಿ ಕೊಟ್ಟರಂತೆ. ಮಗಳು ಬಾಯಿಪಾಠ ಮಾಡಿದಳು, ಯಾರಿಗೂ ತೋರಿಸಲಿಲ್ಲ. ಫೇಲಾದಳು. ಕೇಂದ್ರದವರು ಇನ್ನೊಂದು ಕಂತೆ ತೋರಿಸಿದರು; ಅದಕ್ಕೆ ಬೇರೆ ಹಣ.

ತಾಯಿ ನಮ್ಮೊಡನೆ ಕೇಳಿದ್ದು ಇಷ್ಟೇ: "ಮಾಸ್ಟ್ರೇ, ನನ್ನ ಮಗಳು ದಡ್ಡಿಯಾ?"

ಅಲ್ಲ ಅಕ್ಕಾ, ದಡ್ಡಿಯಲ್ಲ. ಯಾರಿಗೂ ತೋರಿಸಬೇಡ ಎಂದು ಅವರು ಹೇಳಿದ್ದರಲ್ಲೇ ಮೋಸವಿತ್ತು. ನಾಲ್ಕು ಮಂದಿ ಕುಳಿತು ನೋಡಿದ್ದರೆ ಆ ಕಾಗದದ ಉತ್ತರಗಳಲ್ಲಿ ಎಷ್ಟು ತಪ್ಪಿವೆಯೆಂದು ಒಂದೇ ಸಂಜೆಗೆ ಗೊತ್ತಾಗುತ್ತಿತ್ತು. ಆಮೇಲೆ ನಾವು ನೋಡಿದಾಗ ಗೊತ್ತಾಯಿತು.

ಬಂದ ಪ್ರಶ್ನೆಗಳನ್ನು ಮಾರುವುದು ಕೇವಲ ಕಳಪೆ ಸರಕಿನ ವ್ಯಾಪಾರವಲ್ಲ, ಹುಡುಗಿಯರನ್ನು ಗುಂಡಿಗೆ ತಳ್ಳುವ ವ್ಯಾಪಾರ. ಪ್ರಶ್ನೆಗಳನ್ನು ಹೊರಗೆ ಹೇಳುವುದಿಲ್ಲವೆಂದು ಎನ್‌ಕ್ಲೆಕ್ಸ್‌ನಲ್ಲಿ ಒಪ್ಪಿಗೆ ಕೊಟ್ಟೇ ಕುಳಿತುಕೊಳ್ಳಬೇಕು. ಮುರಿದರೆ ಫಲಿತಾಂಶ ರದ್ದಾಗಬಹುದು. 2023ರಲ್ಲಿ ನೈಜೀರಿಯದ ಇಬಾದನ್ ನಗರದ ಒಂದು ಪರೀಕ್ಷಾ ಕೇಂದ್ರದಲ್ಲಿ ಇಂಗ್ಲೆಂಡಿನ ಪರೀಕ್ಷೆಗೆ ಬೇರೆಯವರನ್ನು ಕೂರಿಸಿ ಬರೆಸಿದ ಅನುಮಾನ ಎದ್ದಿತು. ಯಾರು ಪ್ರಾಮಾಣಿಕರು, ಯಾರು ಅಲ್ಲ ಎಂದು ಬೇರ್ಪಡಿಸಲಾಗದೆ, ಅಲ್ಲಿ ಬರೆದವರೆಲ್ಲ ಪುನಃ ಪರೀಕ್ಷೆಗೆ ಕುಳಿತುಕೊಳ್ಳಬೇಕೆಂದು ಅಲ್ಲಿನ ನರ್ಸಿಂಗ್ ಕೌನ್ಸಿಲ್ ಹೇಳಿತು. ಆಗಲೇ ಇಂಗ್ಲೆಂಡಿನಲ್ಲಿ ಕೆಲಸಕ್ಕಿದ್ದ ನೂರಾರು ಮಂದಿಯ ಅನ್ನಕ್ಕೆ ಕುತ್ತು ಬಂತು. ಅಡ್ಡದಾರಿ ಹಿಡಿದವರ ಪಾಪವನ್ನು ನೇರ ದಾರಿಯಲ್ಲಿ ನಡೆದವರೂ ತಿಂದರು.

ಇನ್ನು ಏಜೆಂಟರ ವಿಷಯ ಹೊಸದೇನಲ್ಲ. 2015ರಲ್ಲಿ ಕೊಚ್ಚಿಯಲ್ಲಿ ಬಯಲಾದ ಕುವೈತ್ ನರ್ಸ್ ನೇಮಕಾತಿಯ ಹಗರಣ ಮರೆತುಹೋಯಿತೇ? 19,500 ರೂಪಾಯಿ ತೆಗೆದುಕೊಳ್ಳಬೇಕಾದಲ್ಲಿ ಒಬ್ಬೊಬ್ಬರಿಂದ ಹತ್ತೊಂಬತ್ತು ಲಕ್ಷಕ್ಕೂ ಮೇಲೆ ತೆಗೆದುಕೊಂಡರೆಂದು ಸಿ.ಬಿ.ಐ. ಕೇಸು ಹಾಕಿತು. ಅದೇ ವರ್ಷ ಕೇಂದ್ರ ಸರಕಾರ ಗಲ್ಫ್ ಸೇರಿದಂತೆ 18 ದೇಶಗಳಿಗೆ ನರ್ಸ್‌ಗಳ ನೇಮಕಾತಿಯನ್ನು ಸರಕಾರಿ ಸಂಸ್ಥೆಗಳಿಗೆ ಒಪ್ಪಿಸಿತು. ಕೇರಳದಲ್ಲಿ ನೋರ್ಕಾ ರೂಟ್ಸ್ ಮತ್ತು ಒಡೆಪೆಕ್. 2021ರಲ್ಲಿ ಜರ್ಮನಿಯೊಂದಿಗೆ ನೋರ್ಕಾ ಮಾಡಿಕೊಂಡ 'ಟ್ರಿಪಲ್ ವಿನ್' ಒಪ್ಪಂದದಲ್ಲಿ ನರ್ಸ್‌ಗಳಿಂದ ನೇಮಕಾತಿಯ ಹಣ ತೆಗೆದುಕೊಳ್ಳುವುದಿಲ್ಲ. ಭಾಷೆಯನ್ನೂ ಅವರೇ ಕಲಿಸುತ್ತಾರೆ. ಒಬ್ಬಂಟಿಯಾಗಿ ಓದುವವಳಿಗೆ ಈ ಸುದ್ದಿ ತಲುಪುವುದು ಏಜೆಂಟನ ಬಾಯಿಯಿಂದ. ಅವನು ಇದನ್ನು ಹೇಳುತ್ತಾನೆಯೇ? ಗುಂಪಿನಲ್ಲಿ ಓದುವವಳಿಗೆ ಗೆಳತಿಯ ಬಾಯಿಯಿಂದ ತಲುಪುತ್ತದೆ.

ಬೀಡಿ ಶೆಡ್ಡಿನಿಂದ ಕಲಿತ ಪಾಠ

ಜೊತೆಯಲ್ಲಿ ಓದುವುದು ನಮ್ಮ ಸೀಮೆಗೆ ಹೊಸದಲ್ಲ. 1966ರ ಬೀಡಿ ಕಾರ್ಮಿಕರ ಕಾನೂನನ್ನು ಕೇರಳದಲ್ಲಿ ಜಾರಿಗೆ ತಂದಾಗ ಮಂಗಳೂರಿನ ಧಣಿಗಳು ಕಣ್ಣೂರಿನ ಕಡೆಯ ಕೆಲಸ ನಿಲ್ಲಿಸಿದರು. ಸಾವಿರಾರು ಮಂದಿ ಬೀದಿಗೆ ಬಿದ್ದರು. ಅವರು 1969ರಲ್ಲಿ ಕೇರಳ ದಿನೇಶ್ ಬೀಡಿ ಸಹಕಾರ ಸಂಘ ಕಟ್ಟಿದರು. ಆ ಬೀಡಿ ಶೆಡ್ಡುಗಳಲ್ಲಿ ಒಬ್ಬ ಗಟ್ಟಿ ಸ್ವರದಲ್ಲಿ ಪತ್ರಿಕೆ ಓದುತ್ತಿದ್ದ. ಉಳಿದವರು ಎಲೆ ಸುತ್ತುತ್ತಾ ಕೇಳುತ್ತಿದ್ದರು. ಓದಿದವನ ಪಾಲಿನ ಬೀಡಿಯನ್ನು ಉಳಿದವರು ಕಟ್ಟಿಕೊಡುತ್ತಿದ್ದರು. ಅವನ ಕೂಲಿ ಹೋಗಲಿಲ್ಲ, ಇವರ ತಿಳುವಳಿಕೆ ಹೆಚ್ಚಿತು. ಯಾರೂ ಯಾರಿಗೂ ಫೀಸು ಕೊಡಲಿಲ್ಲ.

ಮಧೂರಿನ ಒಂದು ಮನೆಯ ಚಾವಡಿಯಲ್ಲಿ ಈಗ ಐದಾರು ಮಕ್ಕಳು ವಾರಕ್ಕೆ ಮೂರು ಸಂಜೆ ಕೂಡುತ್ತಾರೆ. ನಾವು ಅಲ್ಲಿ ಮೇಷ್ಟ್ರುಗಳಲ್ಲ. ಎಸ್.ಎಸ್.ಎಲ್.ಸಿ.ಗೆ ನಿಂತ ನಮಗೆ ಅವರ ವಿದ್ಯೆ ಎಲ್ಲಿ ಗೊತ್ತು? ಗಡಿಯಾರ ನೋಡುವುದು, ಪ್ರಶ್ನೆಯನ್ನು ಗಟ್ಟಿಯಾಗಿ ಓದುವುದು, ರಾತ್ರಿ ಮನೆಗೆ ಬಿಡುವುದು, ಇಷ್ಟು ನಮ್ಮ ಕೆಲಸ. ಆದರೆ ದೂರದಲ್ಲಿ ಕುಳಿತು ನೋಡಿದವರಿಗೂ ಕಾಣುವ ಕೆಲವು ಸಂಗತಿಗಳಿವೆ.

ಒಂದು ದಿನದ ಪ್ರಶ್ನೆ ಹೀಗಿತ್ತು. ನಾಲ್ವರು ರೋಗಿಗಳಿದ್ದಾರೆ, ಮೊದಲು ಯಾರ ಹತ್ತಿರ ಹೋಗುತ್ತೀರಿ? ಒಬ್ಬರಿಗೆ ಆಪರೇಶನ್ ಆಗಿ ಎರಡನೆಯ ದಿನ, ನೋವೆಂದು ಕರೆಯುತ್ತಿದ್ದಾರೆ. ಒಬ್ಬರಿಗೆ ಸಕ್ಕರೆ 180. ಒಬ್ಬರು ಮನೆಗೆ ಹೋಗಲು ಕಾಗದಕ್ಕಾಗಿ ಕಾಯುತ್ತಿದ್ದಾರೆ. ಇನ್ನೊಬ್ಬರಿಗೆ ಥೈರಾಯ್ಡ್ ಆಪರೇಶನ್ ಆಗಿದೆ, ಉಸಿರೆಳೆಯುವಾಗ ಸೀಟಿಯಂಥ ಶಬ್ದ. ಒಬ್ಬಳು ನೋವಿನವರ ಹತ್ತಿರ ಎಂದಳು, ಅವರು ಕರೆಯುತ್ತಿದ್ದಾರಲ್ಲ ಎಂದು. ಇನ್ನೊಬ್ಬಳು ತಡೆದಳು: "ಅಲ್ಲವೇ, ಕರೆಯುವವರಿಗೆ ಉಸಿರಿದೆ. ಶಬ್ದ ಬರುವವರ ಶ್ವಾಸದ ದಾರಿ ಮುಚ್ಚಿಕೊಳ್ಳುತ್ತಾ ಇದೆ. ಮೊದಲು ಅಲ್ಲಿಗೆ." ಮೊದಲು ಶ್ವಾಸದ ದಾರಿ, ಆಮೇಲೆ ಉಸಿರಾಟ, ಆಮೇಲೆ ರಕ್ತದ ಓಟ: ಈ ಸೂತ್ರ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದುದನ್ನು ಹೊತ್ತಿಗೆ ಬಳಸಲು ಬಂದದ್ದು ಮಾತ್ರ ಗೆಳತಿ ತಡೆದಾಗ.

ಮೊದಲಿನವಳು ಆಮೇಲೆ ಒಂದು ಮಾತು ಹೇಳಿದಳು. ತಾನು ಕೆಲಸ ಮಾಡಿದ ವಾರ್ಡಿನಲ್ಲಿ ಗಟ್ಟಿಯಾಗಿ ಕೂಗುವವರ ಹತ್ತಿರ, ದೊಡ್ಡವರ ಶಿಫಾರಸಿರುವವರ ಹತ್ತಿರ ಮೊದಲು ಓಡಬೇಕಿತ್ತು. ಯೋಚಿಸಿ ನಿರ್ಧಾರ ಮಾಡು ಎಂದು ತನಗೆ ಯಾರೂ ಹೇಳಿರಲಿಲ್ಲ ಎಂದು. ಇದನ್ನು ಕೇಳಿ ನಮಗೆ ಅರ್ಥವಾಯಿತು. ಈ ಪರೀಕ್ಷೆ ಕೇಳುವುದು ನರ್ಸಿನ ಸ್ವಂತ ಬುದ್ಧಿಯನ್ನು. ಅಂಥ ಆಸ್ಪತ್ರೆಗಳು ವರ್ಷಗಟ್ಟಲೆ ಆಕೆಯನ್ನು ಹೇಳಿದ್ದು ಮಾಡುವವಳನ್ನಾಗಿ ಮಾಡಿಟ್ಟಿವೆ. ಬಾಯಿಪಾಠದ ಕಂತೆಯೂ ಅದನ್ನೇ ಮಾಡುತ್ತದೆ. ಬಾಯಿಬಿಟ್ಟು ವಾದ ಮಾಡದೆ ಈ ಬುದ್ಧಿ ಹರಿತವಾಗುವುದಿಲ್ಲ. ಗೋಡೆಯೊಡನೆ ವಾದ ಮಾಡಲಾಗುವುದಿಲ್ಲ.

ಲೆಕ್ಕದ ವಿಷಯವೂ ಹಾಗೆಯೇ. ಸಾವಿರ ಮಿಲಿ ಲೀಟರ್ ಗ್ಲೂಕೋಸ್ 8 ಗಂಟೆಯಲ್ಲಿ ಹೋಗಬೇಕು. ಮಿಲಿಗೆ 20 ಹನಿಯ ಸೆಟ್. ನಿಮಿಷಕ್ಕೆ ಎಷ್ಟು ಹನಿ? 42. ಒಬ್ಬಳು 31 ಎಂದಳು. ಕೂಡಿಸಿ ಕಳೆದದ್ದರಲ್ಲಿ ತಪ್ಪಿರಲಿಲ್ಲ. ಪ್ರಶ್ನೆಯಲ್ಲಿ 20 ಇದ್ದರೂ ಹಿಂದಿನ ದಿನದ ಲೆಕ್ಕದ 15 ಹನಿಯ ಸೆಟ್ ಅವಳ ತಲೆಯಲ್ಲಿ ಕುಳಿತಿತ್ತು. ಒಬ್ಬಳೇ ಇದ್ದರೆ ಮೂರು ಸಾರಿ ಮಾಡಿದರೂ 31 ಬರುತ್ತಿತ್ತು. ಪಕ್ಕದವಳು ಒಂದೇ ನೋಟದಲ್ಲಿ ಹಿಡಿದಳು. ತನ್ನ ತಪ್ಪು ತನಗೆ ಕಾಣದು. ಇದಕ್ಕೆ ಗೆಳತಿಯ ಕಣ್ಣೇ ಬೇಕು.

ಕನ್ನಡದಲ್ಲಿ ತಿಳಿದು ಇಂಗ್ಲಿಷಿನಲ್ಲಿ ಉತ್ತರಿಸಲಿ

ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಇನ್ನೊಂದು ಹೊರೆ ಇದೆ. ಹತ್ತನೆಯ ತರಗತಿಯವರೆಗೆ ಕನ್ನಡ, ಕಚೇರಿಯಲ್ಲಿ ಮಲಯಾಳ, ನರ್ಸಿಂಗ್ ಪುಸ್ತಕದಲ್ಲಿ ಇಂಗ್ಲಿಷ್, ಮನೆಯಲ್ಲಿ ತುಳುವೋ ಕೊಂಕಣಿಯೋ. ಕೋಚಿಂಗ್ ಕೇಂದ್ರದಲ್ಲಿ ಮೇಷ್ಟ್ರು ಇಂಗ್ಲಿಷಿನಲ್ಲೂ ಮಲಯಾಳದಲ್ಲೂ ಓಡುವಾಗ ಹಿಂದಿನ ಬೆಂಚಿನ ನಮ್ಮ ಹುಡುಗಿ ಕೈ ಎತ್ತುವುದಿಲ್ಲ. ನಕ್ಕಾರು ಎಂಬ ನಾಚಿಕೆ.

ಚಾವಡಿಯಲ್ಲಿ ಆ ನಾಚಿಕೆ ಇಲ್ಲ. ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಓದುತ್ತಾರೆ. ಯಾಕೆ ಹೀಗೆ, ಯಾಕೆ ಹಾಗಲ್ಲ ಎಂಬುದನ್ನು ಕನ್ನಡದಲ್ಲಿ, ತುಳುವಿನಲ್ಲಿ, ಮಲಯಾಳದಲ್ಲಿ ಮಾತಾಡಿ ಬಿಡಿಸುತ್ತಾರೆ. ಕೊನೆಗೆ ಉತ್ತರವನ್ನು ಪುನಃ ಇಂಗ್ಲಿಷಿನಲ್ಲಿ ಹೇಳುತ್ತಾರೆ. ನಮ್ಮ ಪ್ಯಾರಾಸಿಟಮೋಲ್ ಅಮೇರಿಕದಲ್ಲಿ ಅಸಿಟಾಮಿನೊಫೆನ್, ನಮ್ಮ ಅಡ್ರಿನಾಲಿನ್ ಅಲ್ಲಿ ಎಪಿನೆಫ್ರಿನ್. ಇಂಗ್ಲೆಂಡಿನಲ್ಲಿ ಸಕ್ಕರೆಯ ಅಳತೆಯೇ ಬೇರೆ. ನಮ್ಮ 180 ಅಲ್ಲಿ 10. 'ಸಕ್ಕರೆ 3' ಎಂದು ಬರೆದಿದ್ದರೆ ಅದು ನಮ್ಮ ಲೆಕ್ಕದ 54. ರೋಗಿ ಅಪಾಯದಲ್ಲಿದ್ದಾನೆ ಎಂದರ್ಥ. ಇಂಥದ್ದನ್ನು ಒಬ್ಬಳು ಕಂಡುಕೊಂಡರೆ ಅದೇ ಸಂಜೆ ಆರು ಮಂದಿಗೆ ಗೊತ್ತು. ಹೇಳಿಕೊಟ್ಟವಳಿಗೆ ನಷ್ಟವಾಯಿತೇ? ಇನ್ನೊಬ್ಬರಿಗೆ ತಿಳಿಸಿ ಹೇಳಿದ್ದು ಅವಳಿಗೇ ಚೆನ್ನಾಗಿ ಮನದಟ್ಟಾಯಿತು.

ಎದುರು ಮಾತುಗಳಿಗೆ ಉತ್ತರ

'ಕುರುಡರು ಕುರುಡರಿಗೆ ದಾರಿ ತೋರಿಸಿದರೆ ಇಬ್ಬರೂ ಹೊಂಡಕ್ಕೆ' ಎನ್ನುವವರಿದ್ದಾರೆ. ಮಾತು ತಪ್ಪಲ್ಲ. ನಮ್ಮಲ್ಲೂ ಆಯಿತು. ಡಿಗಾಕ್ಸಿನ್ ಮಾತ್ರೆ ಕೊಡುವ ಮೊದಲು ನಾಡಿಯನ್ನು ಎಲ್ಲಿ ನೋಡಬೇಕೆಂಬ ಪ್ರಶ್ನೆಗೆ ನಾಲ್ವರು 'ಮಣಿಕಟ್ಟಿನಲ್ಲಿ' ಎಂದರು. ಯಾವಾಗಲೂ ಮೌನವಾಗಿರುವ ಹುಡುಗಿ ಮಾತ್ರ 'ಎದೆಯ ಮೇಲೆ, ಹೃದಯದ ತುದಿಯಲ್ಲಿ, ಪೂರ್ತಿ ಒಂದು ನಿಮಿಷ' ಎಂದಳು. ನಾಲ್ವರ ಸ್ವರದೆದುರು ಅವಳ ಸ್ವರ ಅಡಗಿತು. ಮರುದಿನ ಪುಸ್ತಕ ತೆರೆದರೆ ಅವಳದ್ದೇ ಸರಿ. ಅಂದಿನಿಂದ ನಿಯಮ ಮಾಡಿಕೊಂಡರು: ಉತ್ತರವನ್ನು ವೋಟು ಹಾಕಿ ತೀರ್ಮಾನಿಸುವಂತಿಲ್ಲ; ಪುಸ್ತಕದ ಪುಟ ತೋರಿಸಬೇಕು. ಪುಟದಲ್ಲೂ ಸಂಶಯ ಉಳಿದರೆ ನಿವೃತ್ತರಾದ ಒಬ್ಬ ನರ್ಸಮ್ಮನನ್ನು ಕೇಳಬೇಕು. ಸರಿಯಾದ ಉತ್ತರ ಹೇಳಿದರೆ ಸಾಲದು, ಉಳಿದ ಮೂರು ಯಾಕೆ ತಪ್ಪೆಂದು ಹೇಳಬೇಕು. ಮೌನವಾಗಿರುವವಳು ಮೊದಲು ಮಾತಾಡಬೇಕು.

'ಹಾಗಾದರೆ ಕಲಿಸುವವರೆಲ್ಲ ಕಳ್ಳರೋ?' ಎಂದು ಕೇಳಬಹುದು. ಇಲ್ಲ. ಇಂಗ್ಲಿಷ್ ಭಾಷೆಯ ಪರೀಕ್ಷೆಗೆ, ಜರ್ಮನ್ ಕಲಿಯುವುದಕ್ಕೆ ತಿಳಿದವರು ಬೇಕೇ ಬೇಕು. ಪ್ರಾಮಾಣಿಕವಾಗಿ ಕಲಿಸುವವನಿಗೆ ಅವನ ಕೂಲಿ ಸಲ್ಲಲಿ. ನಮ್ಮ ಜಗಳ ಪಾಠ ಮಾರುವವರೊಡನೆ ಅಲ್ಲ, ಭಯ ಮಾರುವವರೊಡನೆ. ಒಳ್ಳೆಯ ಮೇಷ್ಟ್ರಿಗೆ ಗುಂಪಿನ ಹೆದರಿಕೆ ಇಲ್ಲ. 'ಯಾರಿಗೂ ತೋರಿಸಬೇಡ' ಎನ್ನುವವನಿಗೆ ಮಾತ್ರ ಇದೆ. ಹಣ ಕಟ್ಟುವ ಮೊದಲು ಇದೊಂದನ್ನು ನೋಡಿಕೊಳ್ಳಿ.

ಮೂರನೆಯ ಮಾತು ನಮ್ಮ ಒಳಗಿನಿಂದಲೇ ಬಂದದ್ದು. 'ನೀವು ಸಂಘದ ಕೆಲಸ ಮಾಡುವವರು. ಇಲ್ಲಿ ಸಂಬಳಕ್ಕೆ ಹೋರಾಡುವುದನ್ನು ಬಿಟ್ಟು ಮಕ್ಕಳನ್ನು ವಿಮಾನ ಹತ್ತಿಸುತ್ತೀರಾ?' ಈ ಮಾತು ನಮಗೆ ನಾಟಿದೆ. ಊರಿನ ಆಸ್ಪತ್ರೆಗೂ ನರ್ಸ್ ಬೇಕು. ಈ ಜಿಲ್ಲೆಯವರಿಗೆ ಅದರ ಬೆಲೆ ಗೊತ್ತು. 2020ರಲ್ಲಿ ತಲಪಾಡಿಯ ಗಡಿ ಮುಚ್ಚಿ ಮಂಗಳೂರಿನ ಆಸ್ಪತ್ರೆಗಳ ದಾರಿ ಕಡಿದಾಗ ನಾವು ಅನುಭವಿಸಿದ್ದೇವೆ.

ಆದರೆ ಸ್ವಲ್ಪ ಯೋಚಿಸಿ. 2011ರಿಂದ ಕೇರಳದ ಖಾಸಗಿ ಆಸ್ಪತ್ರೆಗಳ ನರ್ಸ್‌ಗಳು ಸಂಘ ಕಟ್ಟಿ ಬೀದಿಗಿಳಿದರು. 2017ರಲ್ಲಿ ಪುನಃ ಮುಷ್ಕರ. 2018ರ ಎಪ್ರಿಲಿನಲ್ಲಿ ಸರಕಾರ ಕನಿಷ್ಠ ಮೂಲ ವೇತನ 20,000 ರೂಪಾಯಿ ಎಂದು ಆಜ್ಞೆ ಹೊರಡಿಸಿತು. ಇದನ್ನು ಗೆದ್ದವರು ಯಾರು? ಒಟ್ಟಿಗೆ ಕುಳಿತು ಮಾತಾಡಲು ಕಲಿತವರು. ಸಾಲದಲ್ಲಿ ಮುಳುಗಿದ ನರ್ಸ್ ಮುಷ್ಕರಕ್ಕೆ ಬರುವುದಿಲ್ಲ. ಅಡವಿಟ್ಟ ಬಳೆಯ ಕಂತು ಅವಳ ಬಾಯಿಗೆ ಬೀಗ. ಆ ಸಾಲ ಹೊತ್ತು ಗಲ್ಫಿಗೆ ಹೋದರೂ ಅಲ್ಲಿ ಎಷ್ಟು ಡ್ಯೂಟಿ ಹಾಕಿದರೂ ತಲೆಬಾಗಿಸುತ್ತಾಳೆ. ಸಾಲವಿಲ್ಲದೆ ಪಾಸಾದವಳಿಗೆ ಎರಡು ಸ್ವಾತಂತ್ರ್ಯ: ಹೋಗುವುದೂ ಅವಳ ಇಷ್ಟ, ಉಳಿಯುವುದೂ ಅವಳ ಇಷ್ಟ. ಚಾವಡಿಯಲ್ಲಿ ಮೊನ್ನೆ ಪ್ರಶ್ನೆ ಮುಗಿದ ಮೇಲೆ ಇಬ್ಬರು ತಮ್ಮ ಸಂಬಳದ ಚೀಟಿಗಳನ್ನು ಪಕ್ಕದಲ್ಲಿಟ್ಟು ನೋಡಿದರು. ಒಂದೇ ಕೆಲಸ, ಎರಡು ಸಂಬಳ. ಇದನ್ನು ನಾವು ಹೇಳಿಕೊಟ್ಟದ್ದಲ್ಲ. ಒಟ್ಟಿಗೆ ಓದುವವರು ಒಟ್ಟಿಗೆ ಲೆಕ್ಕ ಕೇಳಲೂ ಕಲಿಯುತ್ತಾರೆ.

ನಾವು ಕೇಳುವುದು ಇಷ್ಟು

ದೊಡ್ಡ ಯೋಜನೆ ಬೇಡ, ಚಂದಾ ಬೇಡ. ಒಂದು ಚಾವಡಿ, ಒಂದು ಲೈಟು, ಒಂದು ಕರಿಹಲಗೆ ಸಾಕು. ನಿಮ್ಮ ಊರಿನಲ್ಲಿ ನಿವೃತ್ತ ನರ್ಸ್ ಇದ್ದರೆ ವಾರಕ್ಕೊಂದು ಸಂಜೆ ಬಂದು ಕುಳಿತುಕೊಳ್ಳುವಂತೆ ಕೇಳಿ. ನೈಟ್ ಡ್ಯೂಟಿ ಮುಗಿಸಿ ಬಂದವಳಿಗೆ ಅಂದು ನಿದ್ರೆ ಮಾಡಲು ಬಿಡಿ. ಅವಳ ಪಾಲಿನ ಪಾಠವನ್ನು ಉಳಿದವರು ಬರೆದಿಡಲಿ, ಬೀಡಿ ಶೆಡ್ಡಿನಲ್ಲಿ ಓದಿದವನ ಪಾಲನ್ನು ಕಟ್ಟಿಕೊಟ್ಟ ಹಾಗೆ. ಪಾಸಾಗಿ ಹೋದವರು ಬಂದ ಪ್ರಶ್ನೆಗಳನ್ನು ಕಳುಹಿಸುವುದು ಬೇಡ; ತಾವು ಓದಿದ ಕ್ರಮವನ್ನು, ಹಳೆಯ ಪುಸ್ತಕಗಳನ್ನು ಕಳುಹಿಸಲಿ. ಫೇಲಾದವಳ ಮನೆಗೆ ಮೊದಲು ಹೋಗಿ. ಎನ್‌ಕ್ಲೆಕ್ಸ್‌ಗೆ 45 ದಿನ ಕಳೆದು ಪುನಃ ಕುಳಿತುಕೊಳ್ಳಬಹುದು. ಆದರೆ ಇಲ್ಲಿಂದ ಬರೆಯುವವರಿಗೆ ಪ್ರತಿ ಸಲವೂ 200 ಡಾಲರ್ ಶುಲ್ಕ, ಅದರ ಮೇಲೆ ಇನ್ನೂ 150 ಡಾಲರ್. ಕೂಲಿಯವರ ಮನೆಗೆ ಅದು ಸಣ್ಣ ಹಣವಲ್ಲ. ಆದ್ದರಿಂದ ಅವಸರದಲ್ಲಿ ತಳ್ಳಬೇಡಿ, ತಯಾರಾದ ಮೇಲೆ ಕಳುಹಿಸಿ.

ಆ ಬೀಡಿ ಕಟ್ಟುವ ತಾಯಿಯ ಮಗಳು ಈಗ ಚಾವಡಿಗೆ ಬರುತ್ತಾಳೆ. ಪರೀಕ್ಷೆ ಇನ್ನೂ ಆಗಿಲ್ಲ. ಪಾಸು ಖಂಡಿತವೆಂದು ನಾವು ಹೇಳುವುದಿಲ್ಲ, ಹಾಗೆ ಹೇಳಿದವರಿಂದಲೇ ಅವಳು ಕೆಟ್ಟದ್ದು. ಮೊದಲ ವಾರ ಅವಳು ಪುಸ್ತಕವನ್ನು ಮಡಿಲಲ್ಲಿ ಅಂಗೈ ಮುಚ್ಚಿ ಹಿಡಿದುಕೊಂಡಿದ್ದಳು. ಈಗ ಅದನ್ನು ಚಾಪೆಯ ನಡುವೆ ಬಿಚ್ಚಿ ಇಡುತ್ತಾಳೆ. ಉಳಿದ ಮನೆಗಳ ಪುಸ್ತಕಗಳೂ ಹೀಗೆ ಹೊರಗೆ ಬರಲಿ.